ಯಂಕಂಚಿಯ ಪ್ರೇಕ್ಷಕಿ

ಸಿಂದಗಿ ಬಸ್ಸು ಆಲಮೇಲ ಬಿಡುವ ಮೊದಲೇ ಮುಕ್ತಾ ಮೂರನೆಯ ಸಲ ಕೇಳಿದಳು. "ಅತ್ಯಾ, ಅಲ್ಲಿ ಹೋಗಿ ಮಾರಿ ಸಣ್ಣದು ಮಾಡ್ಕೊಳ್ಳೋದಕ್ಕಿಂತ ಈಗಽ ಇಳದು ಮನಿಗೆ ಹೋಗೋಣೇನ್ರಿ?"

ಸಾವಿತ್ರೀಬಾಯಿ ಕಿಟಕಿಯಾಚೆಯ ಕಬ್ಬಿನ ಹೊಲ ನೋಡುತ್ತ ಕುಳಿತರು. ಸೊಸೆಗೆ ಕೊಡಬೇಕಾದ ಉತ್ತರ ಯಂಕಂಚಿಯಲ್ಲಿತ್ತು.

ಜಗಳ ಇಷ್ಟೇ. ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಮೂವತ್ತೆಂಟು ಜನ. ಸಾವಿತ್ರೀಬಾಯಿ ದಿನಾ ಬೆಳಿಗ್ಗೆ ಒಂದು ಸಿನಿಮಾ, ಸಂಜೆ ಒಬ್ಬ ನಟನ ಸಂದರ್ಶನ ಕಳಿಸಿ, ಯಾರು ಯಾಕೆ ನೋಡಬೇಕೆಂದು ಹೆಸರು ಹಿಡಿದು ಹೇಳುತ್ತಿದ್ದರು. ಇಂಡಿ ಊರಿನ ಮೈದುನನಿಗೆ ಸಿಟ್ಟು ಇಳಿಯಲು ಇದು, ಮುದ್ದೇಬಿಹಾಳದ ನಾದಿನಿಗೆ ಮೊಣಕಾಲು ನೋವು ಮರೆಯಲು ಅದು. ಎಲ್ಲರೂ ಕೈಮುಗಿದ ಚಿತ್ರ ಒತ್ತುತ್ತಿದ್ದರು. ಯಾರೂ ನೋಡುತ್ತಿರಲಿಲ್ಲ.

ಕಳೆದ ವಾರ ಮುಕ್ತಾ ಬಾಯಿಬಿಟ್ಟು ಹೇಳಿಯೇಬಿಟ್ಟಳು. ನೀವು ಹೇಳಿದ ಸಂದರ್ಶನವನ್ನು ಮೊದಲಿನಿಂದ ಕೊನೆತನಕ ಕೇಳಿದ ಒಂದೇ ಒಂದು ಜೀವ ತೋರಿಸಿರಿ, ಒಂದು ತಿಂಗಳು ನೀವು ಹೇಳಿದ್ದನ್ನೆಲ್ಲ ನಾನೂ ನೋಡುತ್ತೇನೆ. ತೋರಿಸದಿದ್ದರೆ ಗುಂಪಿಗೆ ಕಳಿಸುವುದು ಬಂದ್.

ಸಾವಿತ್ರೀಬಾಯಿ ಒಪ್ಪಿದರು. ಅವರ ಬಳಿ ಧೂಳಪ್ಪನಿದ್ದ.

ಅವರ ಈ ಹುಚ್ಚು ಹೊಸದಲ್ಲ. ಮೊದಲು ಹಿತ್ತಲ ಕೊಟ್ಟಿಗೆಯಲ್ಲಿ ಕೆಲಸ ಮಾಡುವಾಗಲೂ ಕೇಳಿಸಲೆಂದು ಟಿ.ವಿ.ಯನ್ನು ಜೋರಾಗಿ ಹಚ್ಚಿಡುತ್ತಿದ್ದರು. ಯುಗಾದಿಗೆ ಮಗ ಸುಜಯ ಕೊಟ್ಟಿಗೆ ಖಾಲಿ ಮಾಡಿಸಿ, ಕಾರು ನಿಲ್ಲಿಸಲು ಫರಸಿ ಕಲ್ಲು ಹಾಕಿಸಿದ. ಆಮೇಲೆ ಕೈಗೆ ಕೆಲಸವೇ ಉಳಿಯಲಿಲ್ಲ. ಎರಡೂ ಕೈ ಮೊಬೈಲಿಗೆ ಬಂದವು.

ಅಂಥ ಒಂದು ಮಧ್ಯಾಹ್ನ ಯಂಕಂಚಿಯ ರೈತ ಧೂಳಪ್ಪ, ಐವತ್ತು ದಾಟಿದವನು, ರುಮಾಲು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಸಿಂದಗಿ ಸಂತೆಯಲ್ಲಿ ಯಾರೋ ಇವರ ಹೆಸರು ಹೇಳಿದ್ದರಂತೆ.

"ಬಾಯಾರ, ಮನಿಗೆ ಹೊಸದಾಗಿ ಬಂದಾಳ್ರಿ. ಹೊಂದಿಕೊಳ್ಳವಲ್ಲಳು. ಸಿನಿಮಾದ ಮಾತು ಕೇಳಿದ್ರ ಸಮಾಧಾನ ಆಗ್ತಾಳ ಅಂದ್ರು. ಏನು ಹಚ್ಚಲಿ, ನೀವಽ ಹೇಳ್ರಿ."

ಈ ವಯಸ್ಸಿನಲ್ಲಿ ಇನ್ನೊಂದು ಮದುವೆ ಮಾಡಿಕೊಂಡಿದ್ದಾನೆ ಎಂದು ಸಾವಿತ್ರೀಬಾಯಿಗೆ ತಕ್ಷಣ ತಿಳಿಯಿತು. ಪಾಪ, ಯಾರ ಮನೆಯ ಹುಡುಗಿಯೋ. ಹೆಚ್ಚು ಕೆದಕುವುದು ಸರಿಯಲ್ಲವೆಂದು ಸುಮ್ಮನಾಗಿ, ಅವನ ಮೊಬೈಲಿಗೆ ತಾವೇ ಒಂದು ಸಂಸಾರದ ಸಿನಿಮಾ ಹಾಕಿಕೊಟ್ಟರು.

ಅಂದಿನಿಂದ ವಾರಕ್ಕೊಮ್ಮೆ ಧೂಳಪ್ಪ ಹಾಜರು. ಅವನು ಹೇಳುವಂಥ ವಿಮರ್ಶೆಯನ್ನು ಸಾವಿತ್ರೀಬಾಯಿ ಪತ್ರಿಕೆಯಲ್ಲೂ ಓದಿರಲಿಲ್ಲ. ಹಾಡು ಬಂದರೆ ಆಕೆಗೆ ಸಿಟ್ಟು ಬರುತ್ತದಂತೆ. ಹಾಸ್ಯದವರ ಕಿರುಚಾಟ ಮೊದಲೇ ಸೇರುವುದಿಲ್ಲವಂತೆ. ಒಂದು ವಾರ ಅವನು ಕುಂಟುತ್ತ ಬಂದ. ಏನಾಯಿತೆಂದು ಕೇಳಿದರೆ, "ಹೊಡದಾಟದ್ದು ಹಚ್ಚಿದ್ನಿರಿ" ಎಂದಷ್ಟೇ ಹೇಳಿ ನೆಲ ನೋಡಿದ. ಸಾವಿತ್ರೀಬಾಯಿ ಮನಸ್ಸಿನಲ್ಲೇ ಹುಡುಗಿಯ ಧೈರ್ಯ ಮೆಚ್ಚಿದರು.

ಕೊನೆಗೆ ಕುದುರಿದ್ದು ಒಬ್ಬ ಹಳೆಯ ಪೋಷಕ ನಟನ ಸಂದರ್ಶನ. ಎಂಬತ್ತರ ಮನುಷ್ಯ, ಇಪ್ಪತ್ತು ನಿಮಿಷ, ಯಾವ ಸಿನಿಮಾದಲ್ಲಿ ಏನು ತಿಂದೆ ಎಂಬುದನ್ನು ಬಿಟ್ಟು ಬೇರೇನೂ ಹೇಳುವುದಿಲ್ಲ. ಗುಂಪಿನಲ್ಲಿ ಒಬ್ಬರೂ ಎರಡು ನಿಮಿಷದ ಮೇಲೆ ಸಹಿಸಿರಲಿಲ್ಲ. ಧೂಳಪ್ಪ ಮಾತ್ರ ಮರುವಾರ ಒಂದು ಗಡಿಗೆ ಮೊಸರು ತಂದಿಟ್ಟ.

"ಕಣ್ಣು ಮುಚ್ಚಿ ಕೇಳ್ತಾಳ್ರಿ. ಮುಗಿಯೂತನಕ ಅಲುಗಾಡಂಗಿಲ್ಲ."

ಅಂಥವೇ ಇನ್ನೂ ನಾಲ್ಕು ಹಾಕಿಕೊಟ್ಟರು. ಗಡಿಗೆ ವಾರವಾರಕ್ಕೂ ದೊಡ್ಡದಾಯಿತು. ಈ ಮೊಸರಿನ ರುಚಿ ಮೊದಲೆಲ್ಲೋ ಉಂಡಂತಿದೆ ಎಂದು ಸುಜಯ ಎರಡು ಸಲ ಹಾಕಿಸಿಕೊಂಡ.

ಸಿಂದಗಿಯಲ್ಲಿ ಬಸ್ಸು ಬದಲಿಸಿ ಯಂಕಂಚಿಯಲ್ಲಿ ಇಳಿದಾಗ ಸಂಜೆ ಐದೂವರೆ. ಬಾಗಿಲಿಗೆ ಬಂದವಳು ಧೂಳಪ್ಪನ ಹೆಂಡತಿ ಚಂದವ್ವ, ನಲವತ್ತೈದರ ಗಟ್ಟಿ ಹೆಂಗಸು. ನಗುನಗುತ್ತ ಕಾಲಿಗೆ ನೀರು ಕೊಟ್ಟಳು. ಸವತಿ ಬಂದ ಮನೆಯಲ್ಲಿ ಇದೆಂಥ ನಗು ಎಂದು ಮುಕ್ತಾ ಅತ್ತೆಯನ್ನು ಮೊಣಕೈಯಿಂದ ತಿವಿದಳು.

"ಹೊಸದಾಗಿ ಬಂದಾಕಿ ಎಲ್ಲಿದ್ದಾಳವ್ವಾ?" ಎಂದರು ಸಾವಿತ್ರೀಬಾಯಿ, ಆದಷ್ಟು ಮೆಲ್ಲಗೆ.

"ಹಿತ್ತಲದಾಗ ಅದಾಳ್ರಿ, ಇವರ ಜೋಡಿ," ಎಂದಳು ಚಂದವ್ವ. "ಅಕಿ ಬಂದಾಗಿಂದ ಮನಿ ಕಳಿನಽ ಬ್ಯಾರೆ ಆಗೇತ್ರಿ. ನನಗ ಹತ್ರ ಬರಗೊಡಂಗಿಲ್ಲ. ಇವರಽ ಬಾಜೂಕ ಕುಂಡ್ರಬೇಕು."

ಮುಕ್ತಾ ಹಿತ್ತಲ ಕಡೆ ಕತ್ತು ಚಾಚಿದಳು.

ಚಂದವ್ವ ತುಟಿಯ ಮೇಲೆ ಬೆರಳಿಟ್ಟು ಅವರನ್ನು ಒಳಗೆ ಕರೆದೊಯ್ದಳು. ಇಂಟರ್‌ವ್ಯೂ ನಡೆದಿದೆ, ಸದ್ದಾದರೆ ಸಿಟ್ಟಿಗೇಳುತ್ತಾಳೆ ಎಂದು ಎಚ್ಚರಿಸಿದಳು. ಹಿಂಬಾಗಿಲಿಗೆ ಗೋಣಿತಟ್ಟಿನ ಪರದೆ. ಅದರಾಚೆಯಿಂದ ಹಳೆಯ ನಟನ ದನಿ ಬರುತ್ತಿತ್ತು. ಮದುವೆಯ ದೃಶ್ಯವೊಂದರಲ್ಲಿ ಹನ್ನೊಂದು ಜಿಲೇಬಿ ತಿಂದ ಪ್ರಸಂಗ. ಸಾವಿತ್ರೀಬಾಯಿಗೆ ಅದು ಬಾಯಿಪಾಠ. ಇನ್ನು ಎರಡೇ ನಿಮಿಷ. ಈಗ ಆಚೆಯವಳು ಬೇಸತ್ತು ಎದ್ದರೆ ಎಲ್ಲ ಮುಗಿಯಿತು.

ಎಂಟನೆಯ ಜಿಲೇಬಿ. ಒಂಬತ್ತನೆಯದು. ಸಾವಿತ್ರೀಬಾಯಿ ಸೆರಗು ಹಿಡಿದು ನಿಂತರು. ಹನ್ನೊಂದನೆಯದನ್ನು ನಟ ವಿವರವಾಗಿ ತಿಂದ, ನಿರ್ದೇಶಕರನ್ನು ನೆನೆದ, ನಮಸ್ಕಾರ ಹೇಳಿದ. ಪರದೆಯ ಆಚೆ ಒಂದು ಹುಲ್ಲುಕಡ್ಡಿಯೂ ಅಲುಗಲಿಲ್ಲ.

"ಸೋತೆ, ಅತ್ಯಾ," ಎಂದಳು ಮುಕ್ತಾ, ಸಣ್ಣ ದನಿಯಲ್ಲಿ. "ಇಂಥಾ ತಾಳ್ಮಿ ನಾ ಎಲ್ಲೂ ಕಂಡಿಲ್ಲ. ನಾಳಿಂದ ನಾನೂ ನೋಡ್ತೀನಿ."

ಚಂದವ್ವ ಪರದೆ ಸರಿಸಿದಳು.

ಧೂಳಪ್ಪ ನೊರೆಹಾಲು ತುಂಬಿದ ಬಕೆಟ್ ಹಿಡಿದು ಮೇಲೆದ್ದ, ಮತ್ತು ಅವನ ಪಕ್ಕದಲ್ಲಿ, ಕಂಬಕ್ಕೆ ತೂಗುಹಾಕಿದ್ದ ಮೊಬೈಲಿನತ್ತ ಕಿವಿ ಮಾಡಿ ನಿಂತಿದ್ದ ಎಮ್ಮೆ, ಯುಗಾದಿಗೆ ಸುಜಯ ಸಂತೆಗೆ ಕಳಿಸಿದ ಅವರದೇ ಕಾಶಿ, ಮುಂದಿನದು ಹಚ್ಚಿರಿ ಎಂಬಂತೆ ಸಾವಿತ್ರೀಬಾಯಿಯವರ ಮುಖ ನೋಡಿತು.