ಒಂದೇ ಹಗ್ಗದ ಷಡ್ಡಕರು

ಇದು ನಡೆದದ್ದೇ. ಒಂದಕ್ಷರ ಸುಳ್ಳಿದ್ದರೆ ಈ ಚಳಿಗಾಲ ಮುಗಿಯುವುದರೊಳಗೆ ನನ್ನ ಮೀಸೆ ಹೆಪ್ಪುಗಟ್ಟಿ ಮುರಿದು ಬೀಳಲಿ.

ಹಿಮ ಮುಚ್ಚಿದ ಬೆಟ್ಟದ ಏಣಿನ ಮೇಲೆ, ಗೋಡೆಯ ತುದಿಯಷ್ಟೇ ಅಗಲದ ಆ ನೆತ್ತಿಯಂಚಿನಲ್ಲಿ, ಇಬ್ಬರು ನಿಂತುಬಿಟ್ಟಿದ್ದರು. ಒಬ್ಬ ದರ್ಜಿ, ಇನ್ನೊಬ್ಬ ಬೇಕರಿಯವ. ಅಕ್ಕತಂಗಿಯರನ್ನು ಮದುವೆಯಾದ ಷಡ್ಡಕರು. ಇಬ್ಬರ ಸೊಂಟಕ್ಕೂ ಒಂದೇ ಹಗ್ಗ. ಎಡಕ್ಕೂ ಪ್ರಪಾತ, ಬಲಕ್ಕೂ ಪ್ರಪಾತ.

"ನೀನು ಮುಂದೆ ನಡಿ," ಅಂದ ಬೇಕರಿಯವ.

"ದೊಡ್ಡವರು ನೀವು ಭಾವ. ನೀವೇ ನಡೀರಿ."

"ಮರ್ಯಾದೆ ಎಲ್ಲ ಮನೇಲಿಟ್ಕೋ. ನನ್ನ ಬೆನ್ನು ನಿನಗ್ಯಾಕೆ ಬೇಕು?"

ದಾರಿ ತೋರಿಸುವವ ಸಿಳ್ಳೆ ಹಾಕುತ್ತ ಮುಂದೆ ಹೋಗುತ್ತಿದ್ದ. ತಿರುಗಿಯೂ ನೋಡಲಿಲ್ಲ.

ಹಿಂದಿನ ದಿನದವರೆಗೆ ಇವರು ಒಂದೇ ತಟ್ಟೆಯಲ್ಲಿ ಉಂಡವರು. ಅವತ್ತು ಬೆಳಿಗ್ಗೆ ಬೇಕರಿಯವ ಹಿಮದಲ್ಲಿ ಜಾರದ ಹಾಗೆ ಬೂಟಿಗೆ ಕಬ್ಬಿಣದ ಹಲ್ಲು ಕಟ್ಟಿಕೊಳ್ಳಲು, ರಾತ್ರಿ ತಂಗಿದ್ದ ಗುಡಿಸಲಿನಿಂದ ಹೊರಗೆ ಹೋಗಿದ್ದಾಗ, ದಾರಿ ತೋರಿಸುವವ ದರ್ಜಿಯ ಕಿವಿಯಲ್ಲಿ ಆ ಬೆಟ್ಟದ ಕೋಡಿನ ಚರಿತ್ರೆ ಊದಿದ್ದ. ಇಬ್ಬರ ಮುತ್ತಾತಂದಿರೂ ಇಂಥದ್ದೇ ಚಳಿಯಲ್ಲಿ ಹತ್ತಿದ್ದರಂತೆ. ಇದೇ ಏಣಿನ ಮೇಲೆ ದರ್ಜಿಯ ಮುತ್ತಾತ ಜಾರಿದನಂತೆ. ಬೇಕರಿಯವನ ಮುತ್ತಾತ ತನ್ನ ಜೀವ ಉಳಿಸಿಕೊಳ್ಳಲು ಹಗ್ಗ ಕೊಯ್ದನಂತೆ.

"ಅದಕ್ಕೇ ಇದನ್ನ ಕೊಯ್ದ ಕೋಡು ಅನ್ನೋದು. ನಿಮ್ಮನೇಲಿ ಯಾರೂ ಹೇಳಿರಲ್ಲ, ನಾಚಿಕೆ ವಿಷಯ. ಭಾವನ ಕೈ ಮೇಲೆ ಒಂದು ಕಣ್ಣಿರಲಿ."

ದರ್ಜಿ ಎರಡನ್ನೂ ಇಟ್ಟಿದ್ದ. ಭಾವ ಜೇಬಿಗೆ ಕೈ ಹಾಕಿದರೆ ಸಾಕು, ಇವನ ಎದೆ ಹೊಲಿಗೆ ಯಂತ್ರದಂತೆ ಹೊಡೆದುಕೊಳ್ಳುತ್ತಿತ್ತು. ಅದೇನು ಕರ್ಮವೋ, ಭಾವನೂ ಕಣ್ಣು ಕೀಳದೆ ಇವನನ್ನೇ ನೋಡುತ್ತಿದ್ದ.

ಕೊನೆಗೆ ಬೇಕರಿಯವನೇ ಹೊರಟ, ಏಡಿಯ ಹಾಗೆ ಅಡ್ಡಡ್ಡ. ನಾಲ್ಕು ಹೆಜ್ಜೆ ಇಟ್ಟಿದ್ದನೋ ಇಲ್ಲವೋ, ಕಾಲ ಕೆಳಗಿನ ಹಿಮ ಒಣಬ್ರೆಡ್ಡಿನಂತೆ ಮುರಿಯಿತು. ಅವನು ಎಡಕ್ಕೆ ಉರುಳಿದ. ಅದೇ ಕ್ಷಣ ದರ್ಜಿ, ಹಗ್ಗ ತನ್ನನ್ನೂ ಅವನ ಹಿಂದೆ ಎಳೆದುಕೊಂಡು ಹೋಗದ ಹಾಗೆ, ಬಲಗಡೆಗೆ ಮೈ ಎಸೆದ. ಹಗ್ಗ ಏಣಿನ ಮೇಲೆ ಬಿಗಿಯಿತು. ತಕ್ಕಡಿಯ ಎರಡು ತಟ್ಟೆಯಂತೆ ಇಬ್ಬರೂ ನೇತಾಡಿದರು.

"ಕೊಯ್ಯೋ, ಕೊಯ್ಯಿ," ಆಚೆಯಿಂದ ಬೇಕರಿಯವ ಕೂಗಿದ. "ನಿಮ್ಮ ವಂಶವೇ ಅಂಥದ್ದು."

"ನಮ್ಮ ವಂಶವಾ? ಮೇಲೆ ಬನ್ನಿ ಭಾವ, ಮಾತಾಡೋಣ."

"ಮೊದಲು ನೀನು ಬಾ. ಹಲ್ಲು ಉದುರಿಸ್ತೀನಿ."

ಜಗಳ ಆಡುವುದಕ್ಕಾದರೂ ಬದುಕಬೇಕಲ್ಲ. ಬೈಗುಳದ ಕಾವಿನಲ್ಲಿ ಹಿಮ ಅಗೆಯುತ್ತ ಇಬ್ಬರೂ ಮೇಲೆ ಬಂದರು. ಇವತ್ತಿಗೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಆದರೆ ನೋಡದಿರುವುದಕ್ಕೆ ಇಬ್ಬರೂ ಇದ್ದಾರೆ.

ಅವರ ಮುತ್ತಾತಂದಿರು ಆ ಬೆಟ್ಟದ ಕಡೆ ತಲೆ ಹಾಕಿಯೂ ಮಲಗಿದವರಲ್ಲ. ಅದನ್ನು ಮೊದಲು ಹತ್ತಿದ್ದು ತಪ್ಪಿಸಿಕೊಂಡ ಒಂದು ಮೇಕೆ, ಅದರ ಹಿಂದೆ ಅದರ ಒಡೆಯ. ಇಬ್ಬರೂ ಸುಖವಾಗಿ ಇಳಿದು ಬಂದರು. ದರ್ಜಿ ಬೂಟು ಕಟ್ಟಿಕೊಳ್ಳಲು ಹೋದಾಗ ಬೇಕರಿಯವನ ಕಿವಿಗೂ ಅದೇ ಕಥೆಯನ್ನು ತಿರುಗಾಮುರುಗಾ ಮಾಡಿ ಊದಿದ್ದೆ, ಆ ದಾರಿ ತೋರಿಸುವವ ನಾನೇ. ಗೆಳೆಯರನ್ನು ಒಂದು ಹಗ್ಗಕ್ಕೆ ಕಟ್ಟಿದರೆ ಹರಟುತ್ತ, ಮೋಡ ನೋಡುತ್ತ ಜಾರುತ್ತಾರೆ. ಹಗೆಗಳು ರೆಪ್ಪೆ ಹೊಡೆಯುವುದಿಲ್ಲ.

ನಿಮಗೀಗ ಗುಟ್ಟು ಗೊತ್ತಾಯಿತು, ನನ್ನ ಕಥೆ ಇನ್ನು ನಾಟುವುದಿಲ್ಲ. ನಾಳೆ ಬೆಳಿಗ್ಗೆ ಬೆಟ್ಟಕ್ಕೆ ಬರುವಾಗ, ನಿಮಗೆ ನಿಜವಾಗಿ ಆಗದವರೊಬ್ಬರನ್ನು ನೀವೇ ಹುಡುಕಿ ಕರೆದುಕೊಂಡು ಬನ್ನಿ.