ಉತ್ತರಪತ್ರಿಕೆಗಳ ಕಾವಲು

ಬಾಗಿಲನ್ನು ಅರ್ಧ ತಳ್ಳಿದ ಹೆಡ್‌ಮೇಡಂ ಅಲ್ಲೇ ನಿಂತುಬಿಟ್ಟರು. ಒಳಗೆ ಲೆಕ್ಕದ ಮೇಷ್ಟ್ರು ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿಕೊಂಡು ಕೂತಿದ್ದರು. ಎಡಗೈಯಲ್ಲಿ ರಬ್ಬರು, ಬಲಗೈಯಲ್ಲಿ ಪೆನ್ಸಿಲ್ಲು. ಒಂದು ಉತ್ತರ ಅಳಿಸಿದರು, ಪುಡಿ ಊದಿದರು, ಇನ್ನೊಂದು ಬರೆದರು.

ಮೂವತ್ತು ವರ್ಷದಲ್ಲಿ ಯಾರಿಗೂ ಅರ್ಧ ಅಂಕ ಪುಕ್ಕಟೆ ಕೊಟ್ಟವರಲ್ಲ. ಸ್ವಂತ ಮಗಳನ್ನೇ ಫೇಲು ಮಾಡಿದ ಮನುಷ್ಯ.

ಹೆಡ್‌ಮೇಡಂ ಸದ್ದಾಗದಂತೆ ಬಾಗಿಲೆಳೆದುಕೊಂಡರು. ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಅರ್ಧ ಇಳಿದಂತಾಯಿತು.

ಶಾಲೆಗಳ ಮಟ್ಟ ಅಳೆಯಲು ಇಲಾಖೆ ನಡೆಸುವ ಪರೀಕ್ಷೆ ಅದು, ಹಿಂದಿನ ದಿನವಷ್ಟೇ ಮುಗಿದಿತ್ತು. ನಾಲ್ಕನೇ ತರಗತಿಯ ನಲವತ್ತು ಮಕ್ಕಳಲ್ಲಿ ಇಪ್ಪತ್ತನಾಲ್ಕು ಮಂದಿ ಪಾಸಾಗಬೇಕು. ಹಿಂದಿನ ಎರಡು ವರ್ಷ ಅಷ್ಟು ಮಂದಿ ಆಗಲಿಲ್ಲ. ಈ ಸಲವೂ ಆಗದಿದ್ದರೆ ಶಾಲೆಗೆ ಬೀಗ. ಮಕ್ಕಳು ಹೆದ್ದಾರಿ ದಾಟಿ ದೊಡ್ಡ ಶಾಲೆಗೆ ಹೋಗಬೇಕು. ಹೋಗುವುದಿಲ್ಲ ಎಂಬುದು ಮೇಡಂಗೆ ಗೊತ್ತಿತ್ತು. ಪಕ್ಕದ ಬಡಾವಣೆಯ ಶಾಲೆ ಮುಚ್ಚಿದಾಗ ಅಲ್ಲಿನ ಹುಡುಗಿಯರು ಹೆದ್ದಾರಿ ದಾಟಲಿಲ್ಲ. ತಮ್ಮ-ತಂಗಿಯರನ್ನು ಸೊಂಟಕ್ಕೇರಿಸಿಕೊಂಡು ಮನೆಯಲ್ಲೇ ಉಳಿದರು.

ಸ್ವಂತ ಬಲದಲ್ಲಿ ದಡ ಸೇರುವವರು ಹದಿಮೂರು ಮಂದಿ. ಅದಕ್ಕಿಂತ ಹೆಚ್ಚಿಲ್ಲ.

ಪಡಸಾಲೆಯ ಕೊನೆಯಲ್ಲಿ ಬೂಟಿನ ಸದ್ದು. ಇಲಾಖೆಯ ಅಧಿಕಾರಿ.

"ಕಟ್ಟು ರೆಡಿನಾ ಮೇಡಂ?"

"ಮೇಷ್ಟ್ರು ಎಣಿಸ್ತಿದಾರೆ ಸರ್. ಬನ್ನಿ, ಅಷ್ಟರಲ್ಲಿ ಟೀ ಕುಡಿಯೋಣ."

"ಬೇಡ, ಒಳಗೇ ಹೋಗ್ತೀನಿ."

ಮೇಡಂ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. "ಅವರ ಎಣಿಕೆ ಮಧ್ಯೆ ಯಾರಾದ್ರೂ ಬಂದ್ರೆ ಮತ್ತೆ ಒಂದರಿಂದ ಶುರು ಮಾಡ್ತಾರೆ ಸರ್. ನಿಮಗೇ ತಡ."

ಅಧಿಕಾರಿ ನಕ್ಕು ಟೀ ಕುಡಿದರು. ಸೋರುವ ಮಾಡು, ನೀರಿಲ್ಲದ ನಲ್ಲಿ, ಕಾಲು ಮುರಿದ ಬೆಂಚು ಎಂದು ಮೇಡಂ ಮಾತಿಗೆ ಮಾತು ಪೋಣಿಸಿದರು. ಕಣ್ಣು ಮಾತ್ರ ಬಾಗಿಲ ಮೇಲೆ. ಒಂದಿಬ್ಬರು ಹೆಚ್ಚೇ ಪಾಸಾದರೆ ಬೇಡ ಅನ್ನುವವರು ಯಾರು ಎಂದುಕೊಂಡರು.

ಇಪ್ಪತ್ತು ನಿಮಿಷಕ್ಕೆ ಮೇಷ್ಟ್ರು ಹೊರಬಂದರು. ಕಟ್ಟಿಗೆ ಅರಗು ಬಿತ್ತು. ಮೂವರೂ ಸಹಿ ಹಾಕಿದರು. ಜೀಪು ಹೊರಟಿತು.

"ಬದುಕಿಕೊಂಡ್ವಿ ಮೇಷ್ಟ್ರೇ," ಎಂದರು ಮೇಡಂ.

"ನೀವು ಬಾಗಿಲಲ್ಲಿ ನಿಂತಿದ್ದು ಗೊತ್ತಾಯ್ತು ಮೇಡಂ. ಅವರು ಹತ್ತು ನಿಮಿಷ ಮುಂಚೆ ಒಳಗೆ ಬಂದಿದ್ರೆ ಕೆಲಸ ಕೆಡ್ತಿತ್ತು. ಮಕ್ಕಳಿಗೆ ಮೋಸ ಆಗ್ತಿತ್ತು."

"ಎಷ್ಟು ಪತ್ರಿಕೆ ತಿದ್ದಿದ್ರಿ?"

"ಹನ್ನೊಂದು."

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು. "ಯಾರೋ ಮಕ್ಕಳು ಬರೆದಿದ್ದನ್ನ ಅಳಿಸಿ ಸರಿ ಉತ್ತರ ಬರೆದಿಟ್ಟಿದ್ರು ಮೇಡಂ. ಪುಣ್ಯಕ್ಕೆ ನಮ್ಮ ಮಕ್ಕಳು ಒತ್ತಿ ಬರೀತಾರೆ, ಅಚ್ಚು ಹಾಗೇ ಉಳಿದಿತ್ತು. ಎಲ್ಲಾನೂ ಮೊದಲಿದ್ದ ಹಾಗೇ ಮಾಡಿಟ್ಟೆ."

ಎಣಿಕೆ ಸರಿಯಾಗಿತ್ತು, ಬೆಳಿಗ್ಗೆ ಚಿಲಕ ಹಾಕಿಕೊಂಡು ಹೆಡ್‌ಮೇಡಂ ತಿದ್ದಿದ್ದೂ ಹನ್ನೊಂದೇ.