ಗೋಡೆಯಿಲ್ಲದ ಹಾದಿ

ಲ್ಯಾಬಿನ ಎತ್ತರದ ಹಲಗೆಯ ಮೇಲೆ ವಿಜಯಶ್ರೀ ಬಿಟ್ಟ ಇಲಿ ಗೋಡೆಯಿದ್ದ ಹಾದಿಯೊಳಗೆ ನುಗ್ಗಿ ಮುದುಡಿ ಕೂತಿತು. ಮರಿಯಾಗಿದ್ದಾಗಲೇ ತಾಯಿಯಿಂದ ಅಗಲಿಸಿದ ಇಲಿ ಹೀಗೆ ಹೆದರಿದರೆ ಸರಿ. ಇದು ತಾಯಿಯ ಮಗ್ಗುಲಲ್ಲೇ ಬೆಳೆದದ್ದು. ಗೋಡೆಯಿಲ್ಲದ ಹಾದಿಗೂ ಧೈರ್ಯವಾಗಿ ಬರಬೇಕಿತ್ತು.

"ಪಂಜರದ ಚೀಟಿ ಬದಲು ಮಾಡೀರೇನ್ರಿ, ಶಿವಕಾಂತ? ಖರೇ ಹೇಳ್ರಿ," ಎಂದು ಪಂಜರ ನೋಡಿಕೊಳ್ಳುವ ಸಹಾಯಕನನ್ನು ಕೇಳಿದಳು.

"ನಾ ಯಾಕ ಮಾಡ್ಲಿ, ಮೇಡಂ? ನಾ ಬಿಟ್ಟಾಗ ಆರಾಮ್ ಓಡಾಡ್ತದ."

ಅವನು ಬಿಟ್ಟಾಗ ಮಾತ್ರ ಸರಿಯಿರುತ್ತದೆಂದರೆ ಅವನೇ ಇಲಿ ಬದಲಿಸುತ್ತಿದ್ದಾನೆ ಎಂಬುದೇ ಅವಳ ಅನುಮಾನ. ಸಂಭಾಜಿನಗರದ ಈ ಲ್ಯಾಬಿನಲ್ಲಿ ಅವನಿದ್ದರೆ ತಾನಿರುವುದಿಲ್ಲ ಎಂದು ಬೆಳಿಗ್ಗೆಯೇ ಮುಖ್ಯಸ್ಥರಾದ ಸರ್‌ಗೆ ಹೇಳಿಬಿಟ್ಟಿದ್ದಳು. "ಹಂಗಾರ ನೀವೇ ಬಿಟ್ಟು ತೋರಿಸ್ರಿ," ಎಂದು ಬಾಗಿಲ ಬಳಿ ಸರಿದು ನಿಂತಳು. ಅವನು ಬಿಟ್ಟದ್ದೇ ತಡ, ಇಲಿ ಮೂಸುತ್ತ ಗೋಡೆಯಿಲ್ಲದ ಹಾದಿಯ ತುದಿಯವರೆಗೂ ನಡೆಯಿತು. ಅವಳು ಹತ್ತಿರ ಬಂದು ಕೈಚಾಚಿದಳು. ಇಲಿ ಬೆದರಿ ಒಳಗೆ ಓಡಿತು.

ಆಗ ಅವಳ ಕಣ್ಣು ತನ್ನದೇ ತೋಳಿನ ಮೇಲೆ ಬಿತ್ತು. ಏಪ್ರನ್ನಿನ ಮಡಿಸಿದ ತೋಳಿನ ಕೆಳಗೆ, ಸ್ವೆಟರಿನ ತುಂಬ ಬಿಳಿ ಕೂದಲು. ನಾಶಿಕದ ಪಂಚವಟಿಯಿಂದ ತಂದ ಬೆಕ್ಕು ಬೆಳಿಗ್ಗೆ ಆ ತೋಳಿನಲ್ಲೇ ಮಲಗಿತ್ತು.

ಬಾಗಿಲು ತೆರೆಯಿತು. "ಶಿವಕಾಂತ, ಲ್ಯಾಬಿನ ಚಾವಿ ಕೊಡು, ನಾಳೆಯಿಂದ ಬರಬೇಡ," ಎಂದು ಸರ್ ಮರಾಠಿಯಲ್ಲಿ ಹೇಳಿದರು.

ವಿಜಯಶ್ರೀ ಏಪ್ರನ್ನಿನ ತೋಳನ್ನು ಮಣಿಕಟ್ಟಿನವರೆಗೂ ಎಳೆದುಕೊಂಡಳು.